ಮೊದಲು ಚಿಪ್, ಆಮೇಲೆ ಲಸಿಕೆ

ಪ್ರಶ್ನೆ: ಮಗಳಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಎರಡೂವರೆ ತಿಂಗಳಲ್ಲಿ ಹೊರಡುತ್ತಾಳೆ. ಮೂರು ವರ್ಷದ ಲ್ಯಾಬ್ರಡಾರ್ ಕೂಡ ಜೊತೆಗೆ ಬರಬೇಕಂತೆ. ರೇಬೀಸ್ ಲಸಿಕೆ ವರ್ಷವರ್ಷ ಹಾಕಿಸಿದ್ದೇವೆ, ಚರ್ಮದಡಿ ಹಾಕುವ ಗುರುತಿನ ಚಿಪ್ ಇಲ್ಲ. ಸಾಧ್ಯವೇ?
– ಓದುಗರು, ಸಕಲೇಶಪುರ

ಉತ್ತರ: ಮಗಳ ಜೊತೆಗೇ ಅಂದರೆ ಆಗುವುದಿಲ್ಲ. ಕನಿಷ್ಠ ನಾಲ್ಕು ತಿಂಗಳು ಬೇಕು. ಚಿಪ್‌ಗಿಂತ ಮೊದಲು ಹಾಕಿಸಿದ ಲಸಿಕೆ ಯುರೋಪಿನ ಲೆಕ್ಕಕ್ಕೆ ಬರದು; ಅದು ಇದೇ ನಾಯಿಗೆ ಬಿದ್ದದ್ದು ಅನ್ನುವುದಕ್ಕೆ ಪುರಾವೆ ಇಲ್ಲವಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

15 ಅಂಕಿಯ, ಅಂತರರಾಷ್ಟ್ರೀಯ ಮಾನದಂಡದ (ಐಎಸ್‌ಒ) ಚಿಪ್ ಹಾಕಿಸಿ, ಸ್ಕ್ಯಾನರ್‌ನಲ್ಲಿ ಸಂಖ್ಯೆ ಓದಿಸಿ, ಅದೇ ದಿನ ಲಸಿಕೆ ಕೊಡಿಸಬಹುದು. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು, ಅದರ ತಿಳಿಯಾದ ಸೀರಮ್ಮನ್ನು ಐರೋಪ್ಯ ಒಕ್ಕೂಟ ಮಾನ್ಯ ಮಾಡಿದ ಲ್ಯಾಬಿಗೆ ಕಳಿಸಬೇಕು. ರೇಬೀಸ್ ತಡೆಯುವ ಪ್ರತಿಕಾಯ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಹೆಚ್ಚು ಇದ್ದರೆ ಪಾಸ್. ಅಲ್ಲಿಂದ ಮೂರು ತಿಂಗಳು ಕಾಯಬೇಕು. ಎಣಿಕೆ ರಕ್ತ ತೆಗೆದ ದಿನದಿಂದ, ವರದಿ ಬಂದ ದಿನದಿಂದಲ್ಲ. ಜೂನ್ 1ಕ್ಕೆ ಲಸಿಕೆ, ಜುಲೈ 3ಕ್ಕೆ ರಕ್ತ ಎಂದಾದರೆ ವಿಮಾನ ಅಕ್ಟೋಬರ್ 3ರ ನಂತರ. ಟ್ಯೂಬಿನ ಚೀಟಿ, ಲ್ಯಾಬಿನ ಅರ್ಜಿ, ಲಸಿಕೆ ಪುಸ್ತಕ ಮೂರರಲ್ಲೂ ಚಿಪ್ ಸಂಖ್ಯೆ ಒಂದೇ ಇರಲಿ. ತಿದ್ದಿ ಬರೆದ ತಾರೀಖು ಇದ್ದರೆ ಹೊಸ ಪುಟ ಬರೆಸಿ. ಬೂಸ್ಟರ್ ಒಂದೇ ದಿನ ತಪ್ಪಿದರೂ ರಕ್ತಪರೀಕ್ಷೆ ಮತ್ತೆ ಮೊದಲಿಂದ.

ಚಿಪ್, ಲಸಿಕೆಗೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಬಹುದು. ಕೊನೆಯ ಆರೋಗ್ಯ ಪ್ರಮಾಣಪತ್ರ ಮಾತ್ರ ಬೆಂಗಳೂರಿನ ಕೇಂದ್ರ ಸರ್ಕಾರಿ ಪ್ರಾಣಿ ಕ್ವಾರಂಟೈನ್ ಕಚೇರಿಯದು. ಅದು ನಾಯಿ ಯುರೋಪ್ ತಲುಪುವ ಹಿಂದಿನ 10 ದಿನಗಳೊಳಗೆ ಆಗಿರಬೇಕು.

ಮಗಳು ಮೊದಲು ಹೋಗಲಿ, ಆಮೇಲೆ ಬಂದು ಕರೆದೊಯ್ಯಲಿ. ಖರ್ಚಾದರೂ ಇದೇ ಸಲೀಸು. ಆಕೆ ಬರೆದುಕೊಟ್ಟ ಅಧಿಕಾರಪತ್ರ ಹಿಡಿದು ಬೇರೆಯವರೂ ಒಯ್ಯಬಹುದು, ಆದರೆ ಮಾಲೀಕರ ಪಯಣಕ್ಕೂ ನಾಯಿಯ ಪಯಣಕ್ಕೂ 5 ದಿನಕ್ಕಿಂತ ಹೆಚ್ಚು ಅಂತರವಾದರೆ ವ್ಯಾಪಾರದ ಸಾಗಣೆಯ ನಿಯಮ ಅಂಟಿಕೊಳ್ಳುತ್ತದೆ.

ವಿಮಾನದಲ್ಲಿ ನಾಯಿ ಇರುವ ಪೆಟ್ಟಿಗೆಯ ಉದ್ದ: ಮೂಗಿನಿಂದ ಬಾಲದ ಬುಡದವರೆಗೆ ಅಳೆದು, ನೆಲದಿಂದ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿ. 85 ಮತ್ತು 30 ಸೆಂ.ಮೀ. ಆದರೆ 100. ಅಗಲ, ಭುಜದ ಅಗಲದ ಎರಡರಷ್ಟು. ಎರಡು ಭಾಗ ಸೇರುವಲ್ಲಿ ಪ್ಲಾಸ್ಟಿಕ್ ಕ್ಲಿಪ್ ಬೇಡ, ಲೋಹದ ನಟ್-ಬೋಲ್ಟ್ ಹಾಕಿಸಿ. ಈಗಲೇ ಮನೆಯಲ್ಲಿಟ್ಟು ಊಟ ಅದರೊಳಗೇ ಕೊಡಿ. ಮಂಪರಿನ ಔಷಧಿ ಕೊಡಬೇಡಿ, ಎತ್ತರದಲ್ಲಿ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅಪಾಯ.

ಪ್ರಶ್ನೆ: ನಮ್ಮದು ಪಿಟ್‌ಬುಲ್. ಜರ್ಮನಿಗೇ ಹೋಗಿ ನೆಲೆಸುತ್ತೇವೆ. ಇದೇ ನಿಯಮವೇ?
– ಓದುಗರು, ಅರಸೀಕೆರೆ

ಉತ್ತರ: ನೆಲೆಸಲು ಹೋಗುವವರು ಆ ತಳಿಯನ್ನು ಜರ್ಮನಿಗೆ ತರುವಂತಿಲ್ಲ, ಬುಲ್ ಟೆರಿಯರ್‌ಗೂ ನಿಷೇಧವಿದೆ. ಚಿಪ್‌ಗೆ ದುಡ್ಡು ಹಾಕುವ ಮೊದಲು ನಾಯಿಗೆ ಇಲ್ಲೇ ಒಳ್ಳೆಯ ಮನೆ ಹುಡುಕಿ.