ಬಸ್ಸಿನ ಕಿಟಕಿಯಿಂದ ಕಂಡ ಹಸಿರು

ಪ್ರಶ್ನೆ: ನಮ್ಮೂರ ಕಟ್ಟಿಗೆ ಅಡ್ಡೆಯಲ್ಲಿ ಒಬ್ಬರು, "ಎಕರೆಗೆ ಒಂದೆರಡು ದೊಡ್ಡ ಮರ ಆರಿಸಿ ಕಡಿದರೆ ಕಾಡಿಗೇನೂ ಆಗೋದಿಲ್ಲ, ಹತ್ತು ವರ್ಷಕ್ಕೆ ಮತ್ತೆ ತುಂಬಿಕೊಳ್ಳುತ್ತೆ" ಅಂತ ವಾದ ಮಾಡಿದರು. ಶಿರಸಿಗೆ ಹೋಗುವಾಗ ಬಸ್ಸಿನಿಂದ ನೋಡಿದರೆ ಎಲ್ಲಾ ಹಸಿರೇ. ಅವರು ಹೇಳಿದ್ದು ಸರಿನಾ ಸರ್?
– ಓದುಗರೊಬ್ಬರು, ಹಾನಗಲ್

ಉತ್ತರ: ಹಸಿರು ತುಂಬಿಕೊಳ್ಳುತ್ತೆ, ಅಷ್ಟರ ಮಟ್ಟಿಗೆ ಸರಿ. ಎತ್ತರ ಅಷ್ಟು ಬೇಗ ಬರುವುದಿಲ್ಲ.

ಮಳೆಕಾಡಿನಲ್ಲಿ ಮರಗಳ ನೆತ್ತಿ ಒಂದಕ್ಕೊಂದು ತಾಗಿ ಹಂದರ ಹಾಕಿದಂತೆ ಇರುತ್ತದೆ, ಸಾಲದ್ದಕ್ಕೆ ತೊಡೆ ದಪ್ಪದ ಬಳ್ಳಿಗಳು ನಾಲ್ಕಾರು ಮರಗಳನ್ನು ಸೇರಿಸಿ ಬಿಗಿದಿರುತ್ತವೆ. ಹಾಗಾಗಿ ಒಂದನ್ನು ಉರುಳಿಸಿದರೆ ಅದು ಪಕ್ಕದವನ್ನೂ ಎಳೆದುಕೊಂಡೇ ಬೀಳುತ್ತದೆ. ಆಮೇಲೆ ದಿಮ್ಮಿ ಎಳೆಯೋ ದಾರಿ, ಲಾರಿ ರಸ್ತೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಎರಡೇ ಮರ! 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತರಲ್ಲ, ಅವರ ತಕರಾರುಗಳಲ್ಲಿ ಇದೂ ಒಂದು.

ಧಾರವಾಡದ ಕಡೆ ತೋಟದಲ್ಲಿ ಹಳೇ ಮಾವಿನ ಮರ ಬಿದ್ದ ಜಾಗ ನೋಡಿದ್ದೀರಾ? ಒಂದೇ ಮಳೆಗಾಲಕ್ಕೆ ಕಾಂಗ್ರೆಸ್ ಕಸ ಸೊಂಟದ ತನಕ ಬಂದಿರುತ್ತದೆ. ಘಟ್ಟದ ಕಾಡಿನಲ್ಲಿ ಬಿಸಿಲು ನೆಲ ಮುಟ್ಟಿದ ಕಡೆ ಆ ಕೆಲಸ ಯುಪಟೋರಿಯಂ, ಲಂಟಾನದ್ದು. ಜೊತೆಗೆ ಬೇಗ ಬೆಳೆದು ಬೇಗ ಸಾಯುವ ಮೆದು ಮರಗಳು, ಮತ್ತೆ ಅದೇ ಬಳ್ಳಿ. ಬಳ್ಳಿಗೆ ಬಿಸಿಲು ಸಿಕ್ಕರೆ ಮುಗೀತು, ಮೇಲೇಳಬೇಕಾದ ಸಸಿಗಳ ಮೇಲೆ ಹತ್ತಿ ಬಗ್ಗಿಸಿಬಿಡುತ್ತದೆ, ಕೆಲವು ಕಡೆ ಹಂದರದ ತೂತು ದಶಕಗಳಾದರೂ ಮುಚ್ಚುವುದಿಲ್ಲ. ಕಿಟಕಿಯಿಂದ ಕಾಣುವ ಹಸಿರಿನಲ್ಲಿ ಇದೂ ಸೇರಿರುತ್ತೆ, ಅಲ್ವಾ? ಉಪಗ್ರಹದ ಸಾಮಾನ್ಯ ಚಿತ್ರಗಳೂ ಹೀಗೇ ಮೋಸ ಮಾಡುತ್ತವೆ. 2018ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ನಾಸಾ ಕಳಿಸಿದ ಜೆಡೈ ಎಂಬ ಉಪಕರಣ ಲೇಸರ್ ಬಿಟ್ಟು ಕಾಡಿನ ಎತ್ತರವನ್ನೇ ಅಳೆಯುತ್ತದೆ.

ಇನ್ನು ದಾಂಡೇಲಿಯ ಮಂಗಟ್ಟೆ ಹಕ್ಕಿ. ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಗಂಡು ಒಂದು ಸಣ್ಣ ಸೀಳಿನಿಂದ ಹಣ್ಣು ತಂದು ತಿನ್ನಿಸುತ್ತದೆ. ಅಷ್ಟು ದೊಡ್ಡ ಹಕ್ಕಿ ಹಿಡಿಸುವ ಪೊಟರೆ ಹಳೇ ದಪ್ಪ ಮರದಲ್ಲೇ ಆಗಬೇಕು. ಅಡ್ಡೆಯವರ ಕಣ್ಣೂ ದಪ್ಪ ಮರದ ಮೇಲೇ.

ಹಾಗಂತ ಒಮ್ಮೆ ಕಡಿದ ಕಾಡು ಕೆಲಸಕ್ಕೆ ಬಾರದ್ದು ಅಂದುಕೊಳ್ಳಬೇಡಿ. ಬೋರ್ನಿಯೊದಲ್ಲಿ ಎರಡು ಸಲ ಕಡಿದ ಕಾಡಿನಲ್ಲೂ ಹಕ್ಕಿಗಳ ಬಹುಪಾಲು ಜಾತಿ ಉಳಿದುಕೊಂಡಿವೆ. ಅಂಥ ಕಾಡನ್ನು ಪೂರ್ತಿ ಸವರಿ ತಾಳೆಎಣ್ಣೆ ತೋಟ ಮಾಡಿದ ಕಡೆ ಹೆಚ್ಚಿನವು ಕಾಣೆ.

ಪ್ರಶ್ನೆ: ನಮ್ಮ ಕಪ್ಪತಗುಡ್ಡಕ್ಕೂ ಇದೇ ಲೆಕ್ಕಾನಾ?
– ಓದುಗರೊಬ್ಬರು, ಗದಗ

ಉತ್ತರ: ಇಲ್ಲ. ಅದು ಕುರುಚಲು ಗಿಡ, ಎಲೆ ಉದುರುವ ಮರಗಳ ಒಣ ಕಾಡು. ಒತ್ತೊತ್ತಾಗಿ ಹಂದರ ಕಟ್ಟುವಷ್ಟು ಮಳೆಯೇ ಅಲ್ಲಿಲ್ಲ, ಬಿಸಿಲು ಮೊದಲಿಂದಲೂ ನೆಲ ಮುಟ್ಟುತ್ತದೆ, ಕಡಿದ ಎಷ್ಟೋ ಗಿಡ ಬುಡದಿಂದ ಚಿಗುರುತ್ತವೆ. ಅಲ್ಲಿ ನನಗೆ ಜಾಸ್ತಿ ಭಯ ಬೇಸಿಗೆಯ ಬೆಂಕಿಯದ್ದು. ಅದರ ಬಗ್ಗೆ ಬೇಕಾದರೆ ಇನ್ನೊಂದು ಪತ್ರ ಹಾಕಿ.