ವಿದೇಶಿ ನೇರ ಹೂಡಿಕೆಯನ್ನು ಸರ್ಕಾರಗಳು ಹೇಗೆ ಪರಿಶೀಲಿಸುತ್ತವೆ?

ಮೊದಲು ನೋಡುವುದು ಹಣದ ಮೊತ್ತವನ್ನಲ್ಲ. ಕಂಪನಿಯ ಮೇಲೆ ಯಾರಿಗೆ ಎಷ್ಟು ಹಿಡಿತ ಸಿಗುತ್ತದೆ ಎಂಬುದನ್ನು. ಬ್ರಿಟನ್ನಿನ 2021ರ ಕಾಯ್ದೆ ರಕ್ಷಣೆ, ಇಂಧನ, ಕೃತಕ ಬುದ್ಧಿಮತ್ತೆಯಂಥ 17 ಸೂಕ್ಷ್ಮ ಕ್ಷೇತ್ರಗಳನ್ನು ಗುರುತಿಸಿತು. ಅಲ್ಲಿ ಪಾಲು ಶೇ. 25 ದಾಟುವುದಿದ್ದರೆ ಮುಂಚಿತವಾಗಿ ಅನುಮತಿ ಬೇಕು. ಪಡೆಯದಿದ್ದರೆ ವ್ಯವಹಾರ ಕಾನೂನಿನ ಕಣ್ಣಿಗೆ ನಡೆದೇ ಇಲ್ಲ.

ಭಾರತದ ದಾರಿ ಬೇರೆ. ಏಪ್ರಿಲ್ 2020ರಲ್ಲಿ ಬಂದ ಮೂರನೇ ಪ್ರೆಸ್ ನೋಟ್ (ಸರ್ಕಾರದ ನೀತಿ ಪ್ರಕಟಣೆ), ಭೂಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಕ್ಷೇತ್ರ ಯಾವುದೇ ಇದ್ದರೂ ಸರ್ಕಾರದ ಒಪ್ಪಿಗೆ ಕಡ್ಡಾಯ ಮಾಡಿತು.

ಅಮೆರಿಕದಲ್ಲಿ ಈ ಕೆಲಸ ಖಜಾನೆ ಇಲಾಖೆಯ ನೇತೃತ್ವದ, 1975ರಿಂದ ಇರುವ ಅಂತರ್‌ಇಲಾಖಾ ಸಮಿತಿಯದು (ಸಿಫಿಯಸ್). ಪೂರ್ಣ ಅರ್ಜಿಗೆ 45 ದಿನ ಪರಿಶೀಲನೆ, ಅನುಮಾನ ಉಳಿದರೆ ಇನ್ನೂ 45 ದಿನ ತನಿಖೆ, ಆಮೇಲೆ ತೀರ್ಮಾನಕ್ಕೆ ದೇಶದ ಅಧ್ಯಕ್ಷರಿಗೆ 15 ದಿನ. ಆದರೆ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಪೂರ್ಣವಾಗಿದೆ ಎಂದು ಸಮಿತಿ ಒಪ್ಪಿದ ಮೇಲೆಯೇ. ಅವಧಿ ಸಾಲದಿದ್ದರೆ ಅರ್ಜಿ ಹಿಂಪಡೆದು ಮತ್ತೆ ಸಲ್ಲಿಸುವುದೂ ಉಂಟು.

ಪೂರ್ತಿ ನಿರಾಕರಣೆ ಅಪರೂಪ. ಹೆಚ್ಚಾಗಿ ಷರತ್ತು ಹಾಕುತ್ತಾರೆ: ದತ್ತಾಂಶ ದೇಶದೊಳಗೇ ಇರಬೇಕು, ಸೂಕ್ಷ್ಮ ಘಟಕವನ್ನು ಬೇರೆಯವರಿಗೆ ಮಾರಬೇಕು, ಹೀಗೆ.

ಹೂಡಿಕೆದಾರರು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಹಣ ಹೂಡುವ ನಿಧಿಯ ಹಿಂದಿರುವ ನಿಜವಾದ ಮಾಲೀಕರ ವಿವರ ಅರೆಬರೆಯಾಗಿರುತ್ತದೆ. ಇಲ್ಲವೇ ‘ನಮ್ಮದು ಸಣ್ಣ ಪಾಲು’ ಎಂದು ಅರ್ಜಿಯನ್ನೇ ಹಾಕುವುದಿಲ್ಲ. ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ ಸಿಕ್ಕರೂ ಕೆಲವೆಡೆ ನಿಯಮ ಅನ್ವಯಿಸುತ್ತದೆ. ವ್ಯವಹಾರ ಮುಗಿದ ಮೇಲೂ ಬಚಾವಾದೆವು ಎನ್ನುವಂತಿಲ್ಲ: 2021ರಲ್ಲಿ ವೇಲ್ಸ್‌ನ ಚಿಪ್ ಕಾರ್ಖಾನೆ ನ್ಯೂಪೋರ್ಟ್ ವೇಫರ್ ಫ್ಯಾಬ್ ಕೊಂಡ, ಚೀನೀ ಒಡೆತನದ ಡಚ್ ಚಿಪ್ ಕಂಪನಿ ನೆಕ್ಸ್‌ಪೀರಿಯಾಗೆ, ಆ ಕಾರ್ಖಾನೆಯ ಕನಿಷ್ಠ ಶೇ. 86 ಪಾಲು ಮಾರುವಂತೆ ಬ್ರಿಟನ್ ನವೆಂಬರ್ 2022ರಲ್ಲಿ ಆದೇಶಿಸಿತು.