ಒಂದೆಲಗ ತಂಬುಳಿ ಮಾಡಿ, ಪುಡಿಯ ಡಬ್ಬ ಬೇಡ

ಓದುಗರ ಪತ್ರ: "ನಮ್ಮ ಅತ್ತೆಯವರಿಗೆ 71 ವರ್ಷ. ಸಕ್ಕರೆ ಕಾಯಿಲೆಗೆ 12 ವರ್ಷದಿಂದ ಮಾತ್ರೆ ತಗೊಳ್ತಿದ್ದಾರೆ. ಆರು ತಿಂಗಳಿಂದ ಮರೆವು ಜಾಸ್ತಿಯಾಗಿದೆ. ಒಲೆ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿಬಿಡುತ್ತಾರೆ. ಮೊಮ್ಮಗ ಸ್ಕೂಲಿಂದ ಬಂದನಾ ಅಂತ ಅವನ ಎದುರಿಗೇ ಕೇಳುತ್ತಾರೆ. ಮೊಬೈಲಲ್ಲಿ ಮೆದುಳಿನ ಪುಡಿಯೊಂದರ ಜಾಹೀರಾತು ಬರುತ್ತಿದೆ, ತರಿಸಲಾ? ದಿನಾ ಒಂದೆಲಗ ಕೊಟ್ಟರೆ ಸಾಕಾ? ನಮಗೂ ಮುಂದೆ ಹೀಗಾಗದ ಹಾಗೆ ಏನು ತಿನ್ನಬೇಕು? ನಮ್ಮದು ಸಸ್ಯಾಹಾರದ ಮನೆ." – ಮೂಡಿಗೆರೆಯಿಂದ ಒಬ್ಬ ಓದುಗರು

ಸಂಪಾದಕರ ಉತ್ತರ:

ನಮಸ್ಕಾರ. ಪುಡಿಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು, ಈ ವಾರವೇ ಅತ್ತೆಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಇಷ್ಟು ಅವಸರ ಯಾಕೆ ಅಂದರೆ, ನಿಮ್ಮ ಪತ್ರ ಓದಿದಾಗ ಅರಸೀಕೆರೆಯಲ್ಲಿದ್ದ ನನ್ನ ಚಿಕ್ಕಮ್ಮ ನೆನಪಾದರು. ಅವರಿಗೂ ಸಕ್ಕರೆ ಕಾಯಿಲೆ, ಅವರದೂ ಸಸ್ಯಾಹಾರ. ಹಾಲಿನವನಿಗೆ ಒಂದೇ ದಿನ ಎರಡು ಸಲ ದುಡ್ಡು ಕೊಡುತ್ತಿದ್ದರು. ಅರವತ್ತಕ್ಕೆ ಅರಳು ಮರಳು ಅಂತ ನಾವೆಲ್ಲ ಸುಮ್ಮನಿದ್ದೆವು. ರಾತ್ರಿ ಪಾದ ಜುಮ್ ಅನ್ನುತ್ತದೆ ಅಂತ ಕಾಲು ಒತ್ತಿಸಿಕೊಳ್ಳುತ್ತಿದ್ದರು. ನಾಲಿಗೆ ಕೆಂಪಗೆ ನುಣ್ಣಗಾಗಿ, ಸಾರಿನ ಖಾರ ತಡೆಯುತ್ತಿರಲಿಲ್ಲ. ಇದಕ್ಕೂ ಮರೆವಿಗೂ ಸಂಬಂಧ ಇರಬಹುದು ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತಳ ಹಿಡಿದಿತ್ತು. ಇಂಜೆಕ್ಷನ್ ಶುರುವಾಗಿ ಮೂರು ತಿಂಗಳಿಗೆ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವನ್ನು ತಾವೇ ಗುರುತು ಹಾಕತೊಡಗಿದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಮರೆವಿಗೆ ಬೇರೆ ಕಾರಣವೂ ಇರಬಹುದು. ಬಿ12 ಕೊರತೆಯೇ ಆದರೂ ತಡವಾದಷ್ಟೂ ಸರಿಹೋಗುವುದು ಕಷ್ಟ.

ಸೊಪ್ಪು, ಕಾಳು, ರಾಗಿ ಎಷ್ಟು ತಿಂದರೂ ಬಿ12 ಸಿಗುವುದಿಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ವಯಸ್ಸಾದವರು ನೀರು ಮಜ್ಜಿಗೆಯಲ್ಲೇ ಊಟ ಮುಗಿಸಿದರೆ ಅದರಲ್ಲಿ ಬರುವುದು ತೀರಾ ಕಡಿಮೆ. ಜೊತೆಗೆ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಮೈಗೆ ಹತ್ತುವುದು ಕಡಿಮೆಯಾಗಬಹುದು. ದಿನಾ ನುಂಗುವ ಗ್ಯಾಸ್ಟ್ರಿಕ್ ಮಾತ್ರೆಗಳಿಂದಲೂ ಹೀಗಾಗಬಹುದು. ಹಾಗಂತ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಅತ್ತೆಯವರ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಡಾಕ್ಟರ ಮುಂದೆ ಇಡಿ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್ ಶುರು ಮಾಡಿವೆ. ಚಿಕ್ಕಮಗಳೂರಿನಲ್ಲೂ ವಿಚಾರಿಸಿ ನೋಡಿ.

ಇನ್ನು ಪುಡಿ. ದಯವಿಟ್ಟು ತರಿಸಬೇಡಿ. ನೆನಪಿನ ಶಕ್ತಿಗೆ ಅಂತ ಜಗತ್ತಿನಾದ್ಯಂತ ಮಾರುವ ಗಿಂಕೊ ಎಂಬ ಮರದ ಎಲೆಯ ಸಾರವನ್ನು ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ವೃದ್ಧರ ಮೇಲೆ ಸುಮಾರು ಆರು ವರ್ಷ ಪರೀಕ್ಷಿಸಿದರು. 2008ರಲ್ಲಿ ಫಲಿತಾಂಶ ಬಂತು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ತಡೆಯುವಲ್ಲಿ ಅದರಿಂದ ಏನೂ ಉಪಯೋಗವಾಗಿರಲಿಲ್ಲ. ನಮ್ಮ ಒಂದೆಲಗವೂ ಮರೆವಿನ ಕಾಯಿಲೆ ತಡೆಯುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಆದರೆ ತಂಬುಳಿ ಒಳ್ಳೆಯ ಊಟ. ಹಸಿ ಸೊಪ್ಪು, ತೆಂಗಿನಕಾಯಿ, ಜೀರಿಗೆ, ಕಡೆದ ಮಜ್ಜಿಗೆ. ಔಷಧಿ ಅಂತಲ್ಲ, ಊಟ ಅಂತ ಖುಷಿಯಿಂದ ಬಡಿಸಿ.

ನಿಮ್ಮ ಮೂರನೇ ಪ್ರಶ್ನೆಯೇ ದೊಡ್ಡದು. ಮೆದುಳು ನಮ್ಮ ಮೈತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಮೈಗೆ ಬೇಕಾದ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲು ಅದಕ್ಕೇ ಬೇಕು. ಅದೆಲ್ಲ ಹೋಗುವುದು ಕೂದಲಿಗಿಂತ ಸಣ್ಣ ರಕ್ತನಾಳಗಳ ಮೂಲಕ. ಬಿಪಿ, ಸಕ್ಕರೆ, ಕೊಬ್ಬು ಹತೋಟಿ ತಪ್ಪಿದರೆ ಇಂಥ ನಾಳಗಳು ಕೆಡುತ್ತವೆ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾ ತಡೆಯಬಹುದು ಅಥವಾ ಮುಂದೂಡಬಹುದು ಅಂದಿತು. ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್ ಆ ಪಟ್ಟಿಯಲ್ಲಿವೆ. ಕಿವಿ ಕೇಳಿಸದಿರುವುದೂ ಇದೆ, ಒಂಟಿತನವೂ ಇದೆ.

ಬರೀ ಊಟ ಬದಲಿಸಿದರೆ ಸಾಕಾ? ಸೊಪ್ಪು, ಕಾಳು, ಬೀಜ, ಮೀನು ಜಾಸ್ತಿ ಇರುವ ಮೈಂಡ್ ಎಂಬ ಊಟದ ಕ್ರಮವನ್ನು 604 ಜನರ ಮೇಲೆ ಮೂರು ವರ್ಷ ಪರೀಕ್ಷಿಸಿದ್ದಾರೆ. ತೂಕ ಇಳಿಸಿಕೊಳ್ಳುತ್ತಾ ಎಂದಿನ ಊಟ ಮಾಡಿದವರಿಗಿಂತ ಅವರ ನೆನಪು ಹೇಳಿಕೊಳ್ಳುವಷ್ಟು ಮೇಲಾಗಿರಲಿಲ್ಲ. ಫಿನ್ಲೆಂಡಿನಲ್ಲಿ 1,260 ಜನರನ್ನು ಆರಿಸಿ, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಊಟ, ವ್ಯಾಯಾಮ, ಮೆದುಳಿಗೆ ಕೆಲಸ, ಬಿಪಿ ತಪಾಸಣೆ ಎಲ್ಲವನ್ನೂ ಎರಡು ವರ್ಷ ಒಟ್ಟಿಗೆ ಕೊಟ್ಟಾಗ ಫಲ ಕಂಡಿತು. ಅದಕ್ಕೇ ಹೇಳುತ್ತೇನೆ, ಊಟವಾದ ಮೇಲೆ ತೋಟದ ದಾರಿಯಲ್ಲಿ ಅರ್ಧ ಗಂಟೆ ಎಲ್ಲರೂ ನಡೆಯಿರಿ.

ತಟ್ಟೆಗೆ ದೂರದಿಂದ ಏನೂ ತರಿಸಬೇಕಾಗಿಲ್ಲ. ಸೊಪ್ಪಿನ ಬಸ್ಸಾರು, ಹುರುಳಿಕಾಳು, ಕಾಲಕ್ಕೆ ಅವರೆಕಾಳು, ಹುಚ್ಚೆಳ್ಳು ಇಲ್ಲವೇ ಅಗಸೆಯ ಚಟ್ನಿಪುಡಿ ಇರಲಿ. ಮೀನು ತಿನ್ನುವ ಮನೆಯವರಿಗೆ ಘಟ್ಟ ಹತ್ತಿ ಬರುವ ಬೂತಾಯಿ ಇದೆ, ಅದರಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಚೆನ್ನಾಗಿದೆ. ರಾಗಿ ಒಳ್ಳೆಯದು ಅಂತ ಎರಡು ಮುದ್ದೆ ಇಳಿಸಿದರೆ ಸಕ್ಕರೆ ಏರುತ್ತದೆ, ಅಲ್ವಾ? ಒಂದು ಸಣ್ಣ ಮುದ್ದೆ, ಸಾರಿನಲ್ಲಿ ಕಾಳು ಜಾಸ್ತಿ. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕು, ಅಂದರೆ ಇಡೀ ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ. ನಮ್ಮ ಕಡೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲೇ ಎಷ್ಟೋ ಹೊಟ್ಟೆಗೆ ಹೋಗುತ್ತದೆ. ಕಾಫಿ ಬಿಡಬೇಕಾಗಿಲ್ಲ. ಆದರೆ ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 12 ಚಮಚ, ಸುಮಾರು 60 ಗ್ರಾಂ ಆಯಿತು. ಅದನ್ನು ಇವತ್ತಿಂದಲೇ ಇಳಿಸಿ.

ಒಂದು ವೇಳೆ ಪರೀಕ್ಷೆಯೆಲ್ಲ ಆಗಿ ಇದು ಡಿಮೆನ್ಷಿಯಾನೇ ಅಂತ ಗೊತ್ತಾದರೆ, ಯಾವ ಊಟವೂ ಅದನ್ನು ವಾಪಸ್ ಕಳಿಸುವುದಿಲ್ಲ. ಆಗ ಊಟ ಮಾಡುವುದೇ ಅವರಿಗೆ ಕಷ್ಟದ ಕೆಲಸವಾಗಬಹುದು. ಬಿಳಿ ತಟ್ಟೆಯಲ್ಲಿ ಬಿಳಿ ಮೊಸರನ್ನ ಇಟ್ಟರೆ ಅನ್ನ ಎಲ್ಲಿದೆ ಅಂತ ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಹಿತ್ತಲಿನ ಬಾಳೆ ಎಲೆ ಕೊಯ್ದು ಅದರ ಮೇಲೆ ಬಡಿಸಿ. ಟಿವಿ ಆರಿಸಿ. ನಿಮ್ಮ ಎಲೆಯನ್ನೂ ಪಕ್ಕದಲ್ಲೇ ಹಾಕಿಕೊಂಡು ಜೊತೆಗೆ ಕೂತು ಉಣ್ಣಿ. ನಿಮ್ಮ ಕೈ ನೋಡಿ ಅವರ ಕೈಯೂ ಬಾಯಿಗೆ ಹೋಗುತ್ತದೆ.

ರಕ್ತ ಪರೀಕ್ಷೆಯಲ್ಲಿ ಏನು ಬಂತು ಅಂತ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.